ಹಳೇ ಲಕ್ಷುರಿ ಎಸ್‌ಯುವಿ ಕೊಳ್ಳುವ ಮುಂಚೆ: ತಣ್ಣಗಿನ ಇಂಜಿನ್, ಒಂದು ಟೇಪು, ಒಂದು ಸ್ಕ್ಯಾನರ್

70 ಲಕ್ಷದ ಆಸುಪಾಸಿನಲ್ಲಿ ಶೋರೂಮ್ ಬಿಟ್ಟ ಗಾಡಿ ಹತ್ತು ವರ್ಷ ಕಳೆದ ಮೇಲೆ ಹೊಸ ಸಣ್ಣ ಎಸ್‌ಯುವಿಯ ಬೆಲೆಗೆ ಸಿಗುತ್ತದೆ. ಇಳಿದದ್ದು ಗಾಡಿಯ ಬೆಲೆ ಮಾತ್ರ. ಅದರ ಟರ್ಬೊ, ಇಂಜೆಕ್ಟರ್, ಗಾಳಿ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ), ಗೇರ್‌ಬಾಕ್ಸಿನ ಬಿಡಿಭಾಗಗಳಿಗೆ ಇವತ್ತೂ 70 ಲಕ್ಷದ ಗಾಡಿಯ ರೇಟೇ. ನಮ್ಮ ಭಾವ ಇಂಥದ್ದೊಂದು ಬೇಕು ಅಂದಾಗ ನಾನು ಮೊದಲು ಕೇಳಿದ್ದು ಇಷ್ಟು: ಕೈಯಲ್ಲಿರುವ ದುಡ್ಡಿನಲ್ಲಿ ಐದನೇ ಒಂದು ಪಾಲು ರಿಪೇರಿಗೆ ಎತ್ತಿಡುತ್ತೀರಾ? ಹೂಂ ಅಂದರು. ಆಮೇಲೆ ಹುಡುಕಾಟ ಶುರುವಾಯಿತು.

ಬೇಕಿದ್ದದ್ದು ಏಳು ಸೀಟು, ಡೀಸೆಲ್, ಆಟೋಮ್ಯಾಟಿಕ್. ಅಕ್ಕ, ಮಕ್ಕಳು, ಅಕ್ಕನ ಅತ್ತೆ ಮಾವ ಎಲ್ಲರನ್ನೂ ಹತ್ತಿಸಿಕೊಂಡು ಬೆಂಗಳೂರಿನಿಂದ ಸಾಗರದ ಕಡೆ ಹೋಗಿಬರಬೇಕು. ಕೊನೆಗೆ ತಂದ ಗಾಡಿಯ ಕಂಪನಿ ಹೆಸರು ಇಲ್ಲಿ ಬರೆಯುತ್ತಿಲ್ಲ. ಹತ್ತು ವರ್ಷ ಓಡಿದ ಒಂದು ಗಾಡಿಯ ಸ್ಥಿತಿ ನೋಡಿ ಇಡೀ ಕಂಪನಿಯನ್ನು ಅಳೆಯುವುದು ನ್ಯಾಯವಲ್ಲ. ಜರ್ಮನಿಯದು, 2014ರ ಮಾಡೆಲ್, 3 ಲೀಟರ್ ವಿ6 ಡೀಸೆಲ್, ನಾಲ್ಕೂ ಚಕ್ರಕ್ಕೆ ಡ್ರೈವ್, ಗಾಳಿ ಸಸ್ಪೆನ್ಷನ್, ಉದ್ದನೆಯ ಗಾಜಿನ ಸನ್‌ರೂಫ್. ಇಷ್ಟು ಗೊತ್ತಿದ್ದರೆ ಸಾಕು.

ಯಾವ ಕಂಪನಿ ಗಟ್ಟಿ ಅಂತ ಎಲ್ಲರೂ ಕೇಳುತ್ತಾರೆ. ಇಷ್ಟು ವಯಸ್ಸಾದ ಮೇಲೆ ಲೋಗೋಗಿಂತ ಆ ಗಾಡಿಯನ್ನು ನೋಡಿಕೊಂಡ ಮಾಲೀಕ ಮುಖ್ಯ ಅಂತ ನಾನು ನಂಬುತ್ತೇನೆ. ಆದರೂ ಹೊರಡುವ ಮುಂಚೆ ಆ ಇಂಜಿನ್ನಿಗೆ ಎಲ್ಲಿ ನೋವು ಬರುತ್ತದೆ ಅಂತ ಓದಿಕೊಂಡೇ ಹೋಗಬೇಕು. ಬಿಎಂಡಬ್ಲ್ಯುವಿನ ಎನ್57 ಡೀಸೆಲ್‌ನಲ್ಲಿ, ಆಡಿಯ 3.0 ಟಿಡಿಐನಲ್ಲಿ ವಾಲ್ವುಗಳನ್ನು ಸಮಯಕ್ಕೆ ಸರಿಯಾಗಿ ಆಡಿಸುವ ಟೈಮಿಂಗ್ ಚೈನ್ ಇರುವುದು ಇಂಜಿನ್ನಿನ ಹಿಂಬದಿ, ಗೇರ್‌ಬಾಕ್ಸ್ ಕಡೆ. ಚೈನಿಗೆ ಕೈ ಹಾಕಬೇಕು ಅಂದರೆ ಇಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸಬೇಕು. ಮರ್ಸಿಡಿಸ್‌ನ ಓಎಂ642ರಲ್ಲಿ ಆಯಿಲ್ ಕೂಲರ್ ಎರಡು ಸಾಲು ಸಿಲಿಂಡರ್‌ಗಳ ನಡುವಿನ ಹಳ್ಳದಲ್ಲಿ ಕೂತಿದೆ. ಅದರ ರಬ್ಬರ್ ಸೀಲ್ ವರ್ಷಗಟ್ಟಲೆ ಬಿಸಿ ತಿಂದು ಗಟ್ಟಿಯಾಗುತ್ತದೆ, ಆಯಿಲ್ ಜಿನುಗುತ್ತದೆ. ಲ್ಯಾಂಡ್ ರೋವರ್‌ನ 3 ಲೀಟರ್ ವಿ6 ಡೀಸೆಲ್ ಆದರೆ ಕ್ರ್ಯಾಂಕ್‌ಶಾಫ್ಟ್ ಬೇರಿಂಗ್ ಕಡೆ ಗಮನ ಇರಬೇಕು. ಬಿಎಂಡಬ್ಲ್ಯು ಡೀಸೆಲ್‌ಗಳಲ್ಲಿ, ಇಂಜಿನ್ನಿಗೇ ವಾಪಸ್ ಹೋಗುವ ಹೊಗೆಯನ್ನು ತಣಿಸುವ ಇಜಿಆರ್ ಕೂಲರ್‌ನಿಂದ ಕೂಲಂಟ್ ಸೋರಿ ಬೆಂಕಿ ಹತ್ತಿದ್ದು 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ದೊಡ್ಡ ಸುದ್ದಿಯಾಯಿತು. ಆಮೇಲೆ ಬೇರೆ ದೇಶಗಳಲ್ಲೂ ರೀಕಾಲ್ ಆಯಿತು, ಅಂದರೆ ಕಂಪನಿಯೇ ಗಾಡಿಗಳನ್ನು ವಾಪಸ್ ಕರೆಸಿ ಸರಿಪಡಿಸಿತು. ಟಕಾಟಾ ಅನ್ನುವ ಕಂಪನಿ ಮಾಡಿದ ಏರ್‌ಬ್ಯಾಗ್‌ಗಳ ರೀಕಾಲ್ ಅಂತೂ ಹತ್ತಾರು ಕಂಪನಿಗಳಿಗೆ ತಟ್ಟಿದ್ದು. ಚಾಸಿಸ್ ನಂಬರ್ ಕೊಟ್ಟು ಯಾವುದಾದರೂ ರೀಕಾಲ್ ಬಾಕಿ ಇದೆಯಾ ಅಂತ ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಅದಕ್ಕೆ ದುಡ್ಡು ಬೇಕಿಲ್ಲ.

ಇನ್ನೊಂದು ಮಾತು. ವೋಲ್ವೊ ಎಕ್ಸ್‌ಸಿ90 ಗಾಡಿಯನ್ನು 2017ರಿಂದ ನಮ್ಮ ಹೊಸಕೋಟೆಯಲ್ಲೇ ಜೋಡಿಸುತ್ತಾರೆ. ಇಲ್ಲೇ ಜೋಡಿಸಿದ್ದು ಅಂದ ಮಾತ್ರಕ್ಕೆ ಬಿಡಿಭಾಗ ಅಗ್ಗ ಅಂದುಕೊಳ್ಳಬಾರದು. ಲಕ್ಷುರಿ ಗಾಡಿಗಳ ಮುಖ್ಯ ಭಾಗಗಳು ಹೊರಗಿನಿಂದ ಕಿಟ್ ರೂಪದಲ್ಲಿ ಬರುತ್ತವೆ.

ಅಗ್ಗಕ್ಕೆ ಸಿಗುವ ಗಾಡಿಗಳಲ್ಲಿ ಎರಡು ಜಾತಿಯನ್ನು ನಾವು ಮೊದಲೇ ಬದಿಗಿಟ್ಟೆವು.

ಒಂದು, ದಿಲ್ಲಿ ಕಡೆಯಿಂದ ಬಂದವು. ದಿಲ್ಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಓಡಿಸಲಾಗದ ದೊಡ್ಡ ಡೀಸೆಲ್ ಎಸ್‌ಯುವಿಗಳು ಬೇರೆ ರಾಜ್ಯಗಳಿಗೆ ಕಡಿಮೆ ಬೆಲೆಗೆ ಹೊರಟವು. ಬೆಲೆ ನೋಡಿದರೆ ಆಸೆಯಾಗುತ್ತದೆ, ನಿಜ. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ಹೊಸ ನಂಬರ್ ಆಗಬೇಕು, ಜೀವಾವಧಿ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಹೊಸ ಕಾರಿಗೆ ತೆರಿಗೆ ಶೇ. 18. ಹಳೇ ಗಾಡಿಗೆ ವಯಸ್ಸಿಗೆ ತಕ್ಕಂತೆ ಅದರಲ್ಲಿ ಒಂದು ಪಾಲು. ಲೆಕ್ಕ ಹಾಕಿದಾಗ ಅಗ್ಗ ಅನ್ನಿಸಿದ್ದು ಅಷ್ಟೇನೂ ಅಗ್ಗವಾಗಿ ಉಳಿಯಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಅಲ್ಲಿ ಯಾರು ಸರ್ವಿಸ್ ಮಾಡಿದರು, ಏನು ಬಿಚ್ಚಿದರು ಅಂತ ಹೋಗಿ ಕೇಳಲು ನಮಗೆ ದಾರಿಯಿಲ್ಲ.

ಇನ್ನೊಂದು, ನೀರಲ್ಲಿ ಮುಳುಗಿದವು. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ, ಔಟರ್ ರಿಂಗ್ ರೋಡ್ ಕಡೆ ಲೇಔಟುಗಳಿಗೆ ನೀರು ನುಗ್ಗಿ ಕೋಟಿ ಬೆಲೆಯ ಕಾರುಗಳೂ ಮುಳುಗಿದ್ದನ್ನು ನಾವೆಲ್ಲ ನೋಡಿದ್ದೇವೆ. 2015ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲೂ ಹೀಗೇ ಆಗಿತ್ತು. ಇನ್ಶೂರೆನ್ಸ್ ಕಂಪನಿ ಪೂರ್ತಿ ನಷ್ಟ ಅಂತ ಬರೆದ ಗಾಡಿ ಹರಾಜಿಗೆ ಹೋಗುತ್ತದೆ. ಅಲ್ಲಿಂದ ಒಣಗಿ, ಹೊಳಪು ಪಡೆದು ಮತ್ತೆ ರಸ್ತೆಗೆ ಬರಬಹುದು. ನಾವು ನೋಡಿದ ಒಂದು ಗಾಡಿ ಹೊರಗಿನಿಂದ ಕನ್ನಡಿಯ ಹಾಗಿತ್ತು. ಒಳಗೆ ಕೂತು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದೆ. ಯಾರೂ ಅಷ್ಟು ದೂರ ಎಳೆಯುವುದಿಲ್ಲ, ಹಾಗಾಗಿ ಯಾರೂ ಅಲ್ಲಿ ತೊಳೆಯುವುದಿಲ್ಲ. ಬೆಲ್ಟಿನ ಕೊನೆಯ ಗೇಣಿನಲ್ಲಿ ಕಂದು ಬಣ್ಣದ ಗೆರೆ ಇತ್ತು. ಸೀಟಿನ ಕೆಳಗಿನ ರೈಲ್ ಬೋಲ್ಟುಗಳಿಗೆ ತುಕ್ಕು. ಸ್ಟೆಪ್ನಿ ತೆಗೆದು ಅದರ ಗುಂಡಿಯ ಮೂಲೆಗೆ ಬೆರಳು ಹಾಕಿದರೆ ಸಣ್ಣ ಮಣ್ಣು. ಕಾರ್ಪೆಟ್ ಮಾತ್ರ ಹೊಚ್ಚಹೊಸದು, ಒಳಗೆಲ್ಲ ಪರ್ಫ್ಯೂಮ್ ವಾಸನೆ. ಇಂಥ ಗಾಡಿಗಳಲ್ಲಿ ಕಂಟ್ರೋಲ್ ಯೂನಿಟ್‌ಗಳು, ಅಂದರೆ ಗಾಡಿಯ ಸಣ್ಣ ಕಂಪ್ಯೂಟರ್‌ಗಳು, ಸೀಟಿನ ಕೆಳಗೆ, ಕಾರ್ಪೆಟ್ಟಿನ ಕೆಳಗೆ ಇರುತ್ತವೆ. ಒಮ್ಮೆ ನೀರು ಕುಡಿದ ವೈರಿಂಗ್ ಎಷ್ಟು ಒಣಗಿಸಿದರೂ ಒಳಗೊಳಗೇ ಹಸಿರುಗಟ್ಟುತ್ತದೆ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ ಅಂತ ಎದ್ದು ಬಂದೆವು.

ಈಗ ನಾವು ತಂದ ಗಾಡಿಯ ವಿಷಯ. ಬೆಂಗಳೂರಿನದೇ ನಂಬರ್, ಎರಡನೇ ಮಾಲೀಕರು, ಮೀಟರ್‌ನಲ್ಲಿ 98,000 ಕಿಮೀ. ಮಾರುವವರಿಗೆ ಹಿಂದಿನ ದಿನವೇ ಫೋನ್ ಮಾಡಿ ಮೂರು ಮಾತು ಕೇಳಿಕೊಂಡೆ. ರಾತ್ರಿಯಿಂದ ಸ್ಟಾರ್ಟ್ ಮಾಡಬೇಡಿ. ಇಂಜಿನ್ ತೊಳೆಯಬೇಡಿ. ಸ್ಕ್ಯಾನರ್ ಹಾಕಿ ಕೋಡ್ (ಗಾಡಿಯ ಕಂಪ್ಯೂಟರ್ ಬರೆದಿಟ್ಟುಕೊಂಡ ತೊಂದರೆಗಳ ಗುರುತು) ಅಳಿಸಬೇಡಿ. ಹಳೇ ಗಾಡಿಯ ತೊಂದರೆ ಮುಚ್ಚಲು ಬಳಸುವ ದಾರಿಗಳಲ್ಲಿ ಜಾಸ್ತಿ ಪಾಲು ಈ ಮೂರೇ. ಬಿಸಿ ಇಂಜಿನ್ ಬೇಗ ಹತ್ತಿಕೊಳ್ಳುತ್ತದೆ, ತೊಳೆದ ಇಂಜಿನ್ನಿನಲ್ಲಿ ಸೋರಿಕೆ ಕಾಣುವುದಿಲ್ಲ, ಅಳಿಸಿದ ಕೋಡ್ ಮತ್ತೆ ಬರಲು ಒಂದಷ್ಟು ದೂರ ಓಡಬೇಕು. "ನೋಡ್ಕೊಳ್ಳಿ ಸರ್, ಮುಚ್ಚಿಡೋದು ಏನಿಲ್ಲ" ಅಂದರು. ಆ ಮಾತಿಗೆ ನಡೆದುಕೊಂಡರು ಕೂಡ.

ಬೆಳಿಗ್ಗೆ ಹೋದ ತಕ್ಷಣ ಬಾನೆಟ್ ಎತ್ತಲಿಲ್ಲ. ಮೊದಲು ಟೇಪು ಹಿಡಿದು ನಾಲ್ಕೂ ಚಕ್ರದ ನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆದೆ. ಗಾಳಿ ಸಸ್ಪೆನ್ಷನ್ ಇರುವ ಗಾಡಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಸ್ಟಾರ್ಟ್ ಮಾಡಿದ ಕೂಡಲೇ ಕಂಪ್ರೆಸರ್ ಗಾಳಿ ತುಂಬಿ ಎಲ್ಲ ಮೂಲೆಯನ್ನೂ ಸಮ ಮಾಡಿಬಿಡುತ್ತದೆ. ರಾತ್ರಿ ಪೂರ್ತಿ ನಿಂತ ಗಾಡಿ ಮಾತ್ರ ನಿಜ ಹೇಳುತ್ತದೆ. ಹಿಂದಿನ ಎಡ ಮೂಲೆ ಉಳಿದವಕ್ಕಿಂತ 25 ಮಿಲಿಮೀಟರ್ ಕೆಳಗಿತ್ತು. ಬರೆದುಕೊಂಡೆ.

ಆಮೇಲೆ ಸ್ಕ್ಯಾನರ್. ಇಗ್ನಿಷನ್ ಮಾತ್ರ ಆನ್, ಇಂಜಿನ್ ಆಫ್. ಕೂಲಂಟ್ ತಾಪ ಮತ್ತು ಹೊರಗಿನ ತಾಪ ಎರಡೂ 21 ಡಿಗ್ರಿ. ಅಂದರೆ ನಿಜವಾಗಿಯೂ ರಾತ್ರಿಯಿಂದ ತಣ್ಣಗಿದೆ. ಇವೆರಡರ ನಡುವೆ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸ ಕಂಡರೆ ಯಾರೋ ಬೆಳಿಗ್ಗೆಯೇ ಬಿಸಿ ಮಾಡಿಟ್ಟಿದ್ದಾರೆ ಅಂತ ತಿಳಿಯಿರಿ. ಕೋಡ್ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಅನ್ನುವುದನ್ನೂ ಒಬಿಡಿ, ಅಂದರೆ ಗಾಡಿಯೊಳಗಿನ ತಪಾಸಣೆ ವ್ಯವಸ್ಥೆ, ತೋರಿಸುತ್ತದೆ. ಅಗ್ಗದ ಸ್ಕ್ಯಾನರ್‌ನಲ್ಲೂ ಈ ಸಾಲು ಸಿಗುತ್ತದೆ, ಆದರೆ ನೋಡುವವರು ಕಡಿಮೆ. ಇಲ್ಲಿ 4,800 ಕಿಮೀ ಇತ್ತು. 10 ಕಿಮೀ, 15 ಕಿಮೀ ಅಂತ ಇದ್ದರೆ ನಿನ್ನೆ ಮೊನ್ನೆ ಯಾರೋ ಅಳಿಸಿದ್ದಾರೆ ಅಂತಲೇ ಅರ್ಥ. ಆಗ ಸುಮ್ನೆ ಅಲ್ಲಿಂದ ಹೊರಡಬಹುದು.

ಮೀಟರ್ ತಿರುಗಿಸಿದ್ದಾರಾ ಅಂತ ತಿಳಿಯಲು ಒಂದೇ ಜಾಗ ನೋಡಿದರೆ ಸಾಲದು. ಈ ಗಾಡಿಗಳಲ್ಲಿ ಕಿಮೀ ಲೆಕ್ಕ ಮೀಟರ್ ಅಲ್ಲದೆ ಬೇರೆ ಯೂನಿಟ್‌ಗಳಲ್ಲೂ ಉಳಿದಿರುತ್ತದೆ. ಬಿಎಂಡಬ್ಲ್ಯುವಿನ ಕೀಲಿಯೊಳಗೇ ಅದು ದಾಖಲಾಗುತ್ತದೆ. ಹಲವು ಗಾಡಿಗಳಲ್ಲಿ ಪ್ರತಿ ಹಳೇ ಕೋಡಿನ ಜೊತೆ ಆ ತೊಂದರೆ ಎಷ್ಟನೇ ಕಿಮೀನಲ್ಲಿ ಬಂತು ಅಂತ ಇರುತ್ತದೆ. ಮೀಟರ್ 98,000 ತೋರಿಸುವಾಗ 1,40,000ದಲ್ಲಿ ಬಂದ ಕೋಡ್ ಕಂಡರೆ ಮಾತು ಮುಗಿಯಿತು. ನಮ್ಮದರಲ್ಲಿ ಹಾಗೇನೂ ಇರಲಿಲ್ಲ, ಸರ್ವಿಸ್ ಬಿಲ್ಲುಗಳ ಕಿಮೀಯೂ ಸರಿಹೊಂದಿತು. ಆದರೆ ಇಂಜಿನ್ ಓಡಿದ ಗಂಟೆ 4,100 ಇತ್ತು. ಭಾಗಿಸಿ ನೋಡಿ. ಗಂಟೆಗೆ ಸರಾಸರಿ 24 ಕಿಮೀ. ಈ ಗಾಡಿ ಬದುಕಿನ ಬಹುಪಾಲು ಸಿಟಿ ಟ್ರಾಫಿಕ್‌ನಲ್ಲೇ ಕಳೆದಿದೆ. ಹೈವೇಯಲ್ಲಿ 2 ಲಕ್ಷ ಕಿಮೀ ಓಡಿದ ಗಾಡಿಯ ಇಂಜಿನ್ ಇದಕ್ಕಿಂತ ಕಡಿಮೆ ಗಂಟೆ ದುಡಿದಿರಬಹುದು. ಕೊಳ್ಳುವವರು ಕಡಿಮೆ ಕಿಮೀ ನೋಡಿ ಖುಷಿಪಡುತ್ತಾರೆ. ನಾನು ಗಂಟೆ ನೋಡುತ್ತೇನೆ.

ಸಿಟಿಯಲ್ಲಿ ಓಡಿದ ಡೀಸೆಲ್ ಅಂದರೆ ಡಿಪಿಎಫ್ ಚಿಂತೆ. ಹೊಗೆಯ ಮಸಿ ಹಿಡಿಯುವ ಈ ಫಿಲ್ಟರ್ ಆಗಾಗ ಬಿಸಿಯಾಗಿ ಮಸಿ ಸುಡಬೇಕು. ಟ್ರಾಫಿಕ್‌ನಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ. ಸುಡಲೆಂದು ಹೆಚ್ಚಾಗಿ ಚಿಮ್ಮಿಸಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಜೊತೆ ಸೇರುತ್ತದೆ. ಹಾಗಾಗಿ ಆಯಿಲ್ ಮಟ್ಟ ಕಡಿಮೆ ಇದೆಯಾ ಅಂತ ಮಾತ್ರ ನೋಡಬೇಡಿ. ಮ್ಯಾಕ್ಸ್ ಗೆರೆಗಿಂತ ಮೇಲಿದ್ದರೂ ಅದು ಕೆಟ್ಟ ಸುದ್ದಿ. ಇನ್ನು ಕೆಲವರು ಡಿಪಿಎಫ್ ಒಳಗಿನ ಜೇನುಗೂಡನ್ನೇ ಒಡೆದು ತೆಗೆದು ಸಾಫ್ಟ್‌ವೇರ್‌ನಲ್ಲಿ ಆಫ್ ಮಾಡಿಸಿರುತ್ತಾರೆ. ಪರೀಕ್ಷೆ ಸುಲಭ. ಬಿಳಿ ಬಟ್ಟೆ ತಗೊಂಡು ಸೈಲೆನ್ಸರ್ ಕೊಳವೆಯ ಒಳಗೆ ಒರೆಸಿ. ಫಿಲ್ಟರ್ ಸರಿಯಿದ್ದರೆ ಡೀಸೆಲ್ ಗಾಡಿಯಾದರೂ ಬಟ್ಟೆ ಹೆಚ್ಚುಕಮ್ಮಿ ಸ್ವಚ್ಛವಾಗಿ ಬರುತ್ತದೆ. ಕಾಡಿಗೆಯಂತೆ ಕಪ್ಪಾದರೆ ಫಿಲ್ಟರ್ ಒಡೆದಿದೆ, ಇಲ್ಲವೇ ಒಳಗೆ ಫಿಲ್ಟರೇ ಇಲ್ಲ. ನಮ್ಮ ಬಟ್ಟೆಗೆ ತೆಳು ಬೂದು ಬಣ್ಣ ಮಾತ್ರ ಹತ್ತಿತು.

ಈಗ ಸ್ಟಾರ್ಟ್. ಭಾವ ಒಳಗೆ ಕೂತರು, ನಾನು ಹಿಂಬದಿಯಿಂದ ಹೊಗೆ ನೋಡುತ್ತಿದ್ದೆ, ನಮ್ಮ ಮೆಕ್ಯಾನಿಕ್ ಅಣ್ಣ ಬಾನೆಟ್ ಹತ್ತಿರ ಕಿವಿಗೊಟ್ಟು ನಿಂತಿದ್ದರು. ಇಬ್ಬರಿಲ್ಲದೆ ಈ ಕೆಲಸ ಆಗುವುದಿಲ್ಲ. ಮೊದಲ ಒಂದೆರಡು ಸೆಕೆಂಡಿನ ಸದ್ದು, ಮೊದಲ ಉಸಿರಿನ ಹೊಗೆ, ಎರಡೂ ಮತ್ತೆ ಸಿಗುವುದಿಲ್ಲ. ಚೈನ್ ಗಲಗಲ ಅನ್ನಲಿಲ್ಲ. ಬಿಳಿ ಹೊಗೆ ಸ್ವಲ್ಪ ಬಂತು, ಐಡಲ್ ಸಣ್ಣಗೆ ನಡುಗಿತು, ಬೇಗನೇ ಸರಿಹೋಯಿತು. "ಒಂದು ಗ್ಲೋ ಪ್ಲಗ್ ಹೋಗಿರತ್ತೆ" ಅಂದರು ಅಣ್ಣ. ತಣ್ಣಗಿನ ಡೀಸೆಲ್ ಇಂಜಿನ್ ಹತ್ತಿಕೊಳ್ಳಲು ಸಿಲಿಂಡರ್ ಒಳಗೆ ಬಿಸಿ ಮಾಡುವ ಕಡ್ಡಿ ಅದು. ಸ್ಕ್ಯಾನರ್‌ನಲ್ಲೂ ಅದೇ ಕೋಡ್ ಇತ್ತು.

ಪೇಂಟ್ ಅಳೆಯುವ ಮೀಟರ್ ಹಿಡಿದು ಸುತ್ತು ಹಾಕಿದೆ. ಕಂಪನಿ ಪೇಂಟ್ ಸಾಮಾನ್ಯವಾಗಿ 100ರಿಂದ 160 ಮೈಕ್ರಾನ್ ಆಸುಪಾಸು. ಬಲ ಹಿಂಬಾಗಿಲು 280. ಒಮ್ಮೆ ಪೇಂಟ್ ಆಗಿದೆ, ಪುಟ್ಟಿ ಇಲ್ಲ. ಇದು ಸಣ್ಣ ವಿಷಯ. ಲಕ್ಷುರಿ ಗಾಡಿಗಳಲ್ಲಿ ಕೆಲವು ಪ್ಯಾನೆಲ್ ಅಲ್ಯೂಮಿನಿಯಂ ಆಗಿರುತ್ತವೆ, ಕಬ್ಬಿಣ ಮಾತ್ರ ಓದುವ ಅಗ್ಗದ ಮೀಟರ್ ಅಲ್ಲಿ ಏನೂ ತೋರಿಸುವುದಿಲ್ಲ, ಅಷ್ಟು ನೆನಪಿಡಿ. ಹೆಡ್‌ಲೈಟ್, ಗಾಜು, ಬೆಲ್ಟಿನ ಚೀಟಿಗಳ ಮೇಲಿನ ತಯಾರಿಕೆ ವರ್ಷ ಗಾಡಿಯ ವರ್ಷಕ್ಕೆ ಹೊಂದಬೇಕು. ಹೊಂದಿತು. ಏರ್‌ಬ್ಯಾಗ್ ದೀಪ ಇಗ್ನಿಷನ್ ಹಾಕಿದಾಗ ಹತ್ತಿ ತಾನಾಗಿ ಆರಬೇಕು. ಹತ್ತದೇ ಇದ್ದರೆ, ಅಥವಾ ಇನ್ನೊಂದು ದೀಪದ ಜೊತೆಗೇ ಹತ್ತಿ ಆರಿದರೆ, ಯಾರೋ ಅದರ ವೈರಿಗೆ ಕೈ ಹಾಕಿದ್ದಾರೆ.

ಓಡಿಸಲು ನೈಸ್ ರಸ್ತೆಗೆ ಹೋದೆವು. ಜೋರು ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಆಕ್ಸಿಲರೇಟರ್ ಮೇಲೆ ಕಾಲು ಹಗುರ ಇಟ್ಟು 1,200ರಿಂದ 1,500 ಆರ್‌ಪಿಎಂನಲ್ಲಿ ನಿಧಾನ ಎಳೆಸಬೇಕು. ಕಲ್ಲುಹಾಸಿನ ಮೇಲೆ ಹೋದ ಹಾಗೆ ನಡುಗಿದರೆ ಇಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನ ಕ್ಲಚ್ ಸವೆದಿದೆ ಅಥವಾ ಗೇರ್ ಆಯಿಲ್ ಸತ್ತಿದೆ. ನಮ್ಮದು ನಡುಗಲಿಲ್ಲ. ಡಿಯಿಂದ ಆರ್‌ಗೆ ಹಾಕಿದಾಗ ಮಾತ್ರ ಕಾದು, ಆಮೇಲೆ ಧಡಕ್ ಅಂತ ಹಿಡಿಯಿತು. ಖಾಲಿ ಮೈದಾನದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಸುತ್ತಿದೆವು. ನಾಲ್ಕು ಚಕ್ರದ ಡ್ರೈವ್ ಇರುವ ಗಾಡಿ ಆಗ ತಡೆದಂತೆ ಎಳೆದರೆ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಕಡೆ ಅನುಮಾನ ಪಡಬೇಕು. ಟೈರು ನಾಲ್ಕೂ ಒಂದೇ ಕಂಪನಿ, ಒಂದೇ ಸವೆತ ಇರಬೇಕು ಅನ್ನುವುದೂ ಇದಕ್ಕೇ. ಒಂದು ಟೈರ್ ಮಾತ್ರ ಹೊಸದಾದರೆ ಅದರ ಸುತ್ತಳತೆ ಬೇರೆ, ಆ ವ್ಯತ್ಯಾಸವನ್ನು ಟ್ರಾನ್ಸ್‌ಫರ್ ಕೇಸಿನ ಕ್ಲಚ್ ಸದಾ ತಿನ್ನುತ್ತಿರುತ್ತದೆ. ವಾಪಸ್ ಬಂದು ಎಲ್ಲ ಬಿಸಿ ಇರುವಾಗಲೇ ಮತ್ತೆ ಸ್ಕ್ಯಾನ್ ಮಾಡಿದೆ. ಹೊಸದಾಗಿ ಒಂದು ಕೋಡ್ ಬಂದಿತ್ತು. ಸಸ್ಪೆನ್ಷನ್ ಕಂಪ್ರೆಸರ್ ತಾಪ ಜಾಸ್ತಿ. ಬೆಳಗಿನ 25 ಮಿಲಿಮೀಟರಿಗೆ ಇದು ಉತ್ತರ. ಬೆಲ್ಲೋ, ಅಂದರೆ ಆ ಮೂಲೆಯ ಗಾಳಿ ಚೀಲ, ಸೋರುತ್ತಿದೆ, ಅದನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿದೆ.

ನಿಜವಾದ ಆತಂಕ ಕಂಡದ್ದು ರ‍್ಯಾಂಪ್ ಮೇಲೆ. ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಆಯಿಲ್ ಹಸಿ. ಹೀಗೆ ಕಂಡಾಗ ಇಂಜಿನ್ನಿನ ಹಿಂತುದಿಯಲ್ಲಿ ಆಯಿಲ್ ತಡೆಯುವ ರಿಯರ್ ಮೇನ್ ಸೀಲ್ ಹೋಗಿದೆ ಅಂತ ತೀರ್ಮಾನಿಸಿ ಗೇರ್‌ಬಾಕ್ಸ್ ಇಳಿಸಿ, ಸೀಲ್ ಹಾಕಿ, ಆಮೇಲೂ ಸೋರುವುದನ್ನು ನೋಡಿದವರು ಇದ್ದಾರೆ. ಆಯಿಲ್ ಕೆಳಗಷ್ಟೇ ಕಾಣುತ್ತದೆ, ಹುಟ್ಟುವುದು ಮೇಲೆ. ಫೋನಿಗೆ ಸಿಕ್ಕಿಸುವ ತೆಳು ಕ್ಯಾಮೆರಾ ತಗೊಂಡು ಮೇಲಿನಿಂದ ಇಂಜಿನ್ನಿನ ನಡುವಿನ ಹಳ್ಳಕ್ಕೆ ಇಳಿಸಿದೆವು. ಅಲ್ಲಿ ಆಯಿಲ್ ನಿಂತು ಕೊಳದಂತಾಗಿತ್ತು. ತುಂಬಿದ್ದು ಹಿಂಬದಿಯ ತೂತಿನಿಂದ ಗೇರ್‌ಬಾಕ್ಸ್ ಮೇಲೆ ಇಳಿಯುತ್ತಿತ್ತು. ಅಂದರೆ ಆಯಿಲ್ ಕೂಲರ್ ಸೀಲ್. ಸೀಲಿನ ಬೆಲೆ ಏನೇನೂ ಅಲ್ಲ. ಅದನ್ನು ಮುಟ್ಟಲು ಇಂಟೇಕ್, ಇಜಿಆರ್ ಕೊಳವೆ, ಟರ್ಬೊ ಎಲ್ಲ ಬಿಚ್ಚಬೇಕು, ಅದೇ ಖರ್ಚು.

ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್‌ಗಳ ರಬ್ಬರ್ ಬುಷ್‌ಗಳು ಬಿರುಕು ಬಿಟ್ಟಿದ್ದವು. ಒಂದು ಅಲಾಯ್ ರಿಮ್ಮಿನ ಒಳ ಅಂಚು ಸೊಟ್ಟ. ಬೆಂಗಳೂರಿನ ಗುಂಡಿಗಳು 20 ಇಂಚಿನ ರಿಮ್ಮಿಗೆ ಮಾಡುವುದೇ ಇದು. ಹೊರಗಿನಿಂದ ಕಾಣುವುದಿಲ್ಲ, ಒಳಗಿನಿಂದಲೇ ನೋಡಬೇಕು. ಬೆಸುಗೆ ಹಾಕಿದ ಗುರುತು ಇದೆಯಾ ಅಂತಲೂ ನೋಡಿ. ಕೂಲಂಟ್ ಬಣ್ಣ ಸರಿಯಿತ್ತು, ಬಿಳಿ ಉಪ್ಪು ಕಟ್ಟಿರಲಿಲ್ಲ. ಬೋರ್‌ವೆಲ್ ನೀರು ಸುರಿದ ಗಾಡಿಗಳಲ್ಲಿ ಅದು ಎದ್ದು ಕಾಣುತ್ತದೆ. ಕೊನೆಗೆ ಸನ್‌ರೂಫ್ ತೆರೆದು ಅದರ ತೊಟ್ಟಿಯ ನಾಲ್ಕೂ ಮೂಲೆಗೆ ಒಂದೊಂದು ಲೋಟ ನೀರು ಹಾಕಿದೆ. ಮೂರು ಕಡೆ ನೀರು ಗಾಡಿಯ ಕೆಳಗೆ ಇಳಿಯಿತು. ಮುಂದಿನ ಎಡಗಡೆ ನಿಂತುಬಿಟ್ಟಿತು. ಆ ಕಡೆಯ ಕಾರ್ಪೆಟ್ ಕೆಳಗೆ ಟಿಶ್ಯೂ ತುರುಕಿ ಒತ್ತಿದರೆ ಒದ್ದೆ.

ಪಟ್ಟಿ ಬರೆದೆವು. ಪ್ರತಿ ಸಾಲಿನ ಮುಂದೆ ಬಿಡಿಭಾಗದ ರೇಟು, ಕೂಲಿ. ಮಾರುವವರ ಮುಂದಿಟ್ಟಾಗ ಅವರು ವಾದ ಮಾಡಲಿಲ್ಲ. ಹೆಚ್ಚು ಬೆಲೆ ಹೇಳ್ತಿದ್ದೀರಿ ಅನ್ನುವ ಮಾತಿಗೆ ಉತ್ತರ ಕೊಡುವುದು ಸುಲಭ, ಕ್ಯಾಮೆರಾದಲ್ಲಿ ತೆಗೆದ ಫೋಟೋಗೆ ಕಷ್ಟ. ಪಟ್ಟಿಯ ಮೊತ್ತದಲ್ಲಿ ಮುಕ್ಕಾಲು ಪಾಲು ಬೆಲೆಯಲ್ಲಿ ಇಳಿಯಿತು. "ಇಷ್ಟೊಂದು ತೊಂದರೆ ಇರೋ ಗಾಡಿ ತಗೊಳ್ಳೋದಾ?" ಅಂತ ಅಕ್ಕ ಕೇಳಿದಳು. ಅವಳ ಭಯ ನನಗೆ ಅರ್ಥವಾಗುತ್ತದೆ. ಆದರೆ ಈ ವಯಸ್ಸಿನಲ್ಲಿ ತೊಂದರೆಯೇ ಇಲ್ಲದ ಗಾಡಿ ಇರುವುದಿಲ್ಲ. ಎಲ್ಲಿ ಏನಿದೆ ಅಂತ ಗೊತ್ತಿರುವ, ಎಲ್ಲಕ್ಕೂ ಬೆಲೆ ಕಟ್ಟಲಾಗುವ, ಇಂಜಿನ್ ಒಳಭಾಗ, ಗೇರ್‌ಬಾಕ್ಸ್, ವೈರಿಂಗ್ ಸರಿಯಿರುವ ಗಾಡಿ ಇದು. ನೀರಲ್ಲಿ ಮುಳುಗಿದ್ದಕ್ಕೆ ಪಟ್ಟಿ ಬರೆಯಲು ಆಗುತ್ತಿರಲಿಲ್ಲ. ಕಾಗದಪತ್ರ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ನೋಡಿದೆವು. ಸಾಲ ತೀರಿತ್ತು, ಚಲನ್ ಬಾಕಿ ಇರಲಿಲ್ಲ. ಎರಡೂ ಕೀಲಿ ಕೈಗೆ ಬಂದ ಮೇಲೆಯೇ ದುಡ್ಡು ಕೊಟ್ಟೆವು.

ರಿಪೇರಿ ಶುರು ಮಾಡಿದ್ದು ಬ್ಯಾಟರಿಯಿಂದ. ನಿಂತಾಗ 12.1 ವೋಲ್ಟ್. ತುಂಬಿದ ಬ್ಯಾಟರಿ 12.6ಕ್ಕಿಂತ ಮೇಲಿರಬೇಕು. ವೋಲ್ಟ್ ಕಡಿಮೆಯಾದರೆ ಈ ಗಾಡಿಗಳ ಯೂನಿಟ್‌ಗಳು ಒಂದಕ್ಕೊಂದು ಸಂಬಂಧವಿಲ್ಲದ ಕೋಡ್ ಎಸೆಯುತ್ತವೆ, ನಾವು ಇಲ್ಲದ ತೊಂದರೆ ಹುಡುಕುತ್ತಾ ಕೂರುತ್ತೇವೆ. ಹೊಸ ಎಜಿಎಂ ಬ್ಯಾಟರಿ ಹಾಕಿ ಸ್ಕ್ಯಾನರ್‌ನಿಂದ ಅದನ್ನು ನೋಂದಾಯಿಸಿದೆ, ಅಂದರೆ ಬ್ಯಾಟರಿ ಹೊಸದು ಅಂತ ಗಾಡಿಯ ಕಂಪ್ಯೂಟರಿಗೆ ತಿಳಿಸಿದೆ. ಪಾರ್ಕಿಂಗ್ ಸೆನ್ಸರ್, ರೇಡಿಯೋದ ಹಳೇ ಕೋಡ್‌ಗಳು ಅಲ್ಲಿಗೇ ಹೋದವು.

ಸನ್‌ರೂಫ್ ಕೊಳವೆಗೆ ಜೋರು ಗಾಳಿ ಹೊಡೆಯಬೇಡಿ. ಒಳಗಿನ ಜೋಡಣೆ ಕಳಚಿಕೊಂಡರೆ ಛಾವಣಿಯ ಬಟ್ಟೆ ಪೂರ್ತಿ ಇಳಿಸಬೇಕು. ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರದ ತುದಿಯನ್ನು ಬೆಂಕಿ ತೋರಿಸಿ ದುಂಡಗೆ ಮಾಡಿ ಮೆಲ್ಲಗೆ ತೂರಿಸಿದೆ. ಎಲೆ, ದೂಳು ಸೇರಿದ ಗಟ್ಟಿ ಉಂಡೆ ಕೆಳಗೆ ಬಂತು. ಆಮೇಲೆ ಸೀಟ್ ಬಿಚ್ಚಿದೆವು. ಸೀಟಿನ ಕೆಳಗಿನ ಹಳದಿ ಪ್ಲಗ್ ಏರ್‌ಬ್ಯಾಗಿನದು. ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಕಾದೇ ಅದನ್ನು ಮುಟ್ಟಬೇಕು. ಕಾರ್ಪೆಟ್ ಮೇಲೆ ಒಣಗಿದಂತೆ ಕಂಡರೂ ಕೆಳಗಿನ ದಪ್ಪ ಫೋಮ್ ಹಿಂಡಿದರೆ ನೀರು ಸುರಿಯಿತು. ಪಕ್ಕದ ಯೂನಿಟ್ಟಿನ ಪ್ಲಗ್ ಬಿಚ್ಚಿ ನೋಡಿದಾಗ ಪಿನ್ನುಗಳು ಇನ್ನೂ ಹಳದಿಯಾಗೇ ಹೊಳೆಯುತ್ತಿದ್ದವು. ಇನ್ನೊಂದು ಮಳೆಗಾಲ ಹೀಗೇ ಬಿಟ್ಟಿದ್ದರೆ ಹಾಗಿರುತ್ತಿರಲಿಲ್ಲ. ಫೋಮ್ ಬಿಸಿಲಿಗೆ ಹಾಕಿ ಪೂರ್ತಿ ಒಣಗಿದ ಮೇಲೆ ವಾಪಸ್ ಹಾಸಿದೆವು.

ಬೆಲ್ಲೋ ಸೋರಿಕೆ ಹುಡುಕಲು ಸೋಪಿನ ನೀರು ಸಾಕು. ಗಾಡಿಯನ್ನು ಅತಿ ಎತ್ತರಕ್ಕೆ ಏರಿಸಿ ಚಿಮುಕಿಸಬೇಕು. ಕೆಳಗಿದ್ದಾಗ ರಬ್ಬರಿನ ಮಡಿಕೆ ಒಳಗೆ ಸೇರಿರುತ್ತದೆ, ಬಿರುಕು ಅಲ್ಲೇ ಇರುತ್ತದೆ. ಮಡಿಕೆಯಲ್ಲಿ ಗುಳ್ಳೆ ಎದ್ದವು. ಹಿಂದಿನ ಎರಡನ್ನೂ ಒಟ್ಟಿಗೇ ಬದಲಾಯಿಸಿದೆವು, ಒಂದು ಹೋದರೆ ಅದೇ ವಯಸ್ಸಿನ ಇನ್ನೊಂದು ದೂರವಿಲ್ಲ. ಕಂಪ್ರೆಸರ್ ರಿಲೇ ಕೂಡ ಹೊಸದು. ಸದಾ ಓಡಿದ ಕಂಪ್ರೆಸರ್‌ನ ರಿಲೇ ಒಳಗೇ ಅಂಟಿಕೊಂಡರೆ ಮೋಟಾರ್ ನಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಹೊಸ ಬೆಲ್ಲೋಗೆ ಗಾಳಿ ತುಂಬುವ ಮುಂಚೆ ಗಾಡಿಯ ತೂಕ ಬಿಡಬಾರದು, ರಬ್ಬರ್ ತಪ್ಪಾಗಿ ಮಡಿಸಿಕೊಂಡು ಅಲ್ಲೇ ಹರಿಯುತ್ತದೆ.

ಆಯಿಲ್ ಕೂಲರ್ ಕೆಲಸಕ್ಕೆ ಅಣ್ಣನ ಗ್ಯಾರೇಜಿನಲ್ಲೇ ಜಾಗ ಸಿಕ್ಕಿತು. ಬಿಚ್ಚಿದ ಪ್ರತಿ ಬೋಲ್ಟನ್ನೂ ಚೀಟಿ ಅಂಟಿಸಿದ ಕವರಿಗೆ ಹಾಕಿದೆವು. ಉದ್ದ ಒಂದೊಂದು ಬೇರೆ, ಅದಲುಬದಲಾದರೆ ಅಲ್ಯೂಮಿನಿಯಂ ಎಳೆ ಕಿತ್ತುಬರುತ್ತದೆ. ಗ್ಲೋ ಪ್ಲಗ್ ಬಿಚ್ಚಿದ್ದು ಎಲ್ಲಕ್ಕಿಂತ ಮೊದಲು, ಇಂಜಿನ್ ಬಿಸಿ ಇದ್ದಾಗಲೇ. ತಣ್ಣಗಿರುವಾಗ ಒತ್ತಿ ತಿರುಗಿಸಿದರೆ ಹೆಡ್ ಒಳಗೇ ಮುರಿಯುವ ಅಪಾಯ. ಇಂಟೇಕ್ ಎತ್ತಿದಾಗ ಒಳಗೆ ಮಸಿ ದಪ್ಪವಾಗಿ ಕಟ್ಟಿತ್ತು, ಗಂಟೆಯ ಲೆಕ್ಕ ಸುಳ್ಳು ಹೇಳಿರಲಿಲ್ಲ. ಕೆರೆದು ತೊಳೆದೆವು. ಹಳೇ ಸೀಲುಗಳು ಪ್ಲಾಸ್ಟಿಕ್‌ನಷ್ಟು ಗಟ್ಟಿಯಾಗಿ, ಉಗುರಿನಿಂದ ಒತ್ತಿದರೆ ಚಟ್ ಅಂತ ಮುರಿದವು. ಬಿಸಿ ತಡೆಯುವ ವಿಟಾನ್ ರಬ್ಬರಿನ ಹೊಸ ಸೀಲ್ ಹಾಕಿದೆವು. ಅದೇ ಹಳ್ಳದಲ್ಲಿದ್ದ ಪ್ಲಾಸ್ಟಿಕ್ ಕೂಲಂಟ್ ಕೊಳವೆ, ಸಣ್ಣಪುಟ್ಟ ವ್ಯಾಕ್ಯೂಮ್ ಪೈಪು ಎಲ್ಲವೂ ಹೊಸದು. ಅವು ಇನ್ನೂ ಚೆನ್ನಾಗಿದ್ದವು. ಆದರೆ ಇಷ್ಟೆಲ್ಲ ಬಿಚ್ಚುವ ಕೂಲಿಯ ಮುಂದೆ ಅವುಗಳ ಬೆಲೆ ಲೆಕ್ಕಕ್ಕಿಲ್ಲ. ಮತ್ತೊಮ್ಮೆ ಅಲ್ಲಿಗೆ ಇಳಿಯುವಂತೆ ಆಗಬಾರದು.

ಗೇರ್‌ಬಾಕ್ಸ್ ಆಯಿಲ್ ಜೀವಮಾನ ಪೂರ್ತಿ ಬರುತ್ತದೆ ಅನ್ನುವ ಮಾತು ಬಹಳ ಕಡೆ ಕೇಳುತ್ತೀರಿ. ಬಿಎಂಡಬ್ಲ್ಯು, ಲ್ಯಾಂಡ್ ರೋವರ್‌ಗಳಲ್ಲಿರುವ 8ಎಚ್‌ಪಿ ಗೇರ್‌ಬಾಕ್ಸ್ ಮಾಡುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಮೀ ಒಳಗೆ ಅಥವಾ 8 ವರ್ಷಕ್ಕೆ ಬದಲಿಸಿ ಅನ್ನುತ್ತದೆ. ನಮ್ಮ ಗಾಡಿಯ ಬಿಲ್ಲುಗಳಲ್ಲಿ ಬದಲಿಸಿದ ದಾಖಲೆ ಇರಲಿಲ್ಲ. ಇಳಿಸಿದಾಗ ಟೀ ಡಿಕಾಕ್ಷನ್ ಬಣ್ಣ, ಪ್ಯಾನ್ ಒಳಗಿನ ಅಯಸ್ಕಾಂತದ ಮೇಲೆ ನುಣ್ಣನೆಯ ಬೂದಿಯಂಥ ಪುಡಿ. ಚೂರು, ಚಕ್ಕೆ ಇರಲಿಲ್ಲ. ನುಣ್ಣನೆ ಪುಡಿ ಸಹಜ ಸವೆತ. ಹೊಸ ಆಯಿಲ್ ಹಾಕಿ, ಇಂಜಿನ್ ಓಡುತ್ತಿರುವಾಗ, ಕೈಪಿಡಿ ಹೇಳಿದ ತಾಪದಲ್ಲಿ ಮಟ್ಟ ಸರಿ ಮಾಡಿದೆವು. ರಿವರ್ಸ್ ಹಾಕಿದಾಗಿನ ಧಡಕ್ ಬಹಳ ಮಟ್ಟಿಗೆ ಹೋಗಿದೆ.

ಈಗ ಬೆಳಿಗ್ಗೆ ಟೇಪು ಹಿಡಿದರೆ ನಾಲ್ಕೂ ಮೂಲೆ ಸಮ. ಹಳ್ಳ ಒಣಗಿದೆ, ಕ್ಯಾಮೆರಾ ಇಳಿಸಿ ಆಗಾಗ ನೋಡುತ್ತೇನೆ. ಹೊಸ ಲೋವರ್ ಆರ್ಮ್ ಹಾಕಿ ಅಲೈನ್‌ಮೆಂಟ್ ಆಗಿದೆ. ಸೊಟ್ಟ ರಿಮ್ ಬದಲು ಬೇರೆ ರಿಮ್ ಹುಡುಕಲು ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತಿ ಒಂದು ಬಿರುಕಿಲ್ಲದ್ದನ್ನು ತಂದೆವು. ಬಾಕಿ ಇರುವುದು ಒಂದು ನಡುಕ. 90 ಕಿಮೀ ವೇಗದಲ್ಲಿ ಸೀಟಿನಡಿ ಸಣ್ಣಗೆ ಬರುತ್ತದೆ, ಸ್ಟಿಯರಿಂಗ್‌ನಲ್ಲಿ ಇಲ್ಲ. ವೀಲ್ ಬ್ಯಾಲೆನ್ಸ್ ಆದ ಮೇಲೂ ಉಳಿದಿರುವುದರಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ನಡುವಿನ ಬೇರಿಂಗ್ ಮೇಲೆ ಅನುಮಾನ. ಬೇರಿಂಗ್ ಆರ್ಡರ್ ಮಾಡಿದ್ದೇವೆ. ಬಂದ ಮೇಲೆ ಶಾಫ್ಟ್ ಇಳಿಸಿ, ಜೋಡಣೆಯ ಗುರುತು ಹಾಕಿಕೊಂಡು, ರಬ್ಬರ್ ಕಪ್ಲಿಂಗ್ ಜೊತೆಗೇ ಬದಲಾಯಿಸಬೇಕು.